ಝಾರ್ ಕಾರ್ಡ್ ಶತ್ರುವಿನ ಕೈಯಲ್ಲಿ: ‘ಪಾಥ್ಸ್ ಆಫ್ ಗ್ಲೋರಿ’ ತರಿಸುವ ಮೊದಲು

ಕ್ಯಾಟನ್, ಟಿಕೆಟ್ ಟು ರೈಡ್ ಆಡಿ ಸಾಕಾದವರು "ಇನ್ನು ಸ್ವಲ್ಪ ಗಟ್ಟಿಯದ್ದು ಯಾವುದುಂಟು?" ಎಂದು ಕೇಳುವುದು ಮಣಿಪಾಲ, ಮಂಗಳೂರು ಕಡೆಯ ಬೋರ್ಡ್ ಗೇಮ್ ಗುಂಪುಗಳಲ್ಲಿ ಮಾಮೂಲು. ಆಗ ಬರುವ ಹೆಸರುಗಳಲ್ಲಿ ‘ಪಾಥ್ಸ್ ಆಫ್ ಗ್ಲೋರಿ’ ಒಂದು. ಮೊದಲ ಮಹಾಯುದ್ಧದ ಆಟ, ಇಬ್ಬರಿಗೆ ಮಾತ್ರ. ಟೆಡ್ ರೇಸರ್ ರೂಪಿಸಿದ್ದು. ಅಮೆರಿಕದ ಜಿಎಂಟಿ ಗೇಮ್ಸ್ 1999ರಲ್ಲಿ ಹೊರತಂದದ್ದು. ಆಮೇಲೆ ಹಲವು ಸಲ ಮರುಮುದ್ರಣ ಆಗಿದೆ. ಒಳ್ಳೆಯ ಆಟ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದುಬಾರಿ, ಉದ್ದ, ನಮ್ಮ ಹವೆಗೆ ಹೇಳಿ ಮಾಡಿಸಿದ್ದಲ್ಲ. ಈ ವಿಮರ್ಶೆಯಲ್ಲಿ ಅದರ ಒಂದು ಕಾರ್ಡಿನ ಬಗ್ಗೆ ಉಳಿದದ್ದಕ್ಕಿಂತ ಹೆಚ್ಚು ಮಾತಿದೆ. ರಷ್ಯಾದ ರಾಜ ಝಾರ್ ಎರಡನೇ ನಿಕೋಲಸ್ ಸೈನ್ಯದ ನೇರ ನೇತೃತ್ವ ವಹಿಸಿಕೊಂಡ ಆ ಕಾರ್ಡನ್ನು ಅರ್ಥ ಮಾಡಿಕೊಂಡವರಿಗೆ ಜರ್ಮನಿ-ರಷ್ಯಾ ಸೆಣಸುವ ಪೂರ್ವ ರಂಗದ ಆಟ ಪೂರ್ತಿ ತೆರೆದುಕೊಳ್ಳುತ್ತದೆ.

ಮೊದಲು ಪೆಟ್ಟಿಗೆ. 22×34 ಇಂಚಿನ ಒಂದು ನಕ್ಷೆ. ಯುರೋಪ್ ಮತ್ತು ಪಶ್ಚಿಮ ಏಷ್ಯಾ ಅದರಲ್ಲಿದೆ. ಷಡ್ಭುಜದ ಮನೆಗಳಿಲ್ಲ, ಊರುಗಳನ್ನು ಗೆರೆಗಳಿಂದ ಜೋಡಿಸಿದ್ದಾರೆ, ಗೆರೆಯಿದ್ದಲ್ಲಿ ಮಾತ್ರ ದಾರಿ. ದೊಡ್ಡ ಬಿಲ್ಲೆಗಳು ಆರ್ಮಿ ಎಂಬ ದೊಡ್ಡ ದಳಗಳು, ಸಣ್ಣವು ಕೋರ್ ಎಂಬ ಸಣ್ಣ ದಳಗಳು. ಮೂಲ ಮುದ್ರಣದಲ್ಲಿ 110 ಕಾರ್ಡ್, ಒಂದೊಂದು ಕಡೆಗೆ 55. ಕೈಯಲ್ಲಿ ಏಳು ಕಾರ್ಡ್, ಒಂದು ಟರ್ನಿಗೆ ಆರು ಸುತ್ತು. ಒಟ್ಟು 20 ಟರ್ನ್. ವಿಪಿ, ಅಂದರೆ ಗೆಲುವಿನ ಅಂಕ, 10ರಿಂದ ಶುರು. 20 ಮುಟ್ಟಿದರೆ ಜರ್ಮನಿಯ ಬಣ ಗೆದ್ದಂತೆ, ಸೊನ್ನೆಗಿಳಿದರೆ ಮಿತ್ರಬಣ ಗೆದ್ದಂತೆ. ಪೂರ್ತಿ ಆಡಿದರೆ ರಾತ್ರಿಯಿಡೀ ನಡೆಯುವ ಬಯಲಾಟದಷ್ಟು ಹೊತ್ತು ಹಿಡಿಯುತ್ತದೆ, ಹೊಸಬರಿಗೆ ಅದಕ್ಕಿಂತಲೂ ಹೆಚ್ಚು. ಚಿಕ್ಕ ಆಟದ ಸೌಕರ್ಯವೂ ಉಂಟು, ಆದರೆ ಅದರಲ್ಲಿ ಝಾರ್‌ನ ಕಥೆ ಕೊನೆವರೆಗೆ ಹೋಗುವುದಿಲ್ಲ.

ಆಟದ ಜೀವ ಇರುವುದು ಕಾರ್ಡಿನಲ್ಲಿ. ಪ್ರತಿ ಕಾರ್ಡನ್ನು ನಾಲ್ಕು ರೀತಿ ಬಳಸಬಹುದು: ಸೈನ್ಯ ನಡೆಸಲು ಅಥವಾ ದಾಳಿ ಮಾಡಲು ಆಪ್ಸ್ ಆಗಿ, ದೂರದ ರಂಗಕ್ಕೆ ರೈಲಿನಲ್ಲಿ ಸಾಗಿಸಲು ಎಸ್‌ಆರ್ ಆಗಿ, ಸತ್ತ, ಸೊರಗಿದ ದಳಗಳನ್ನು ತುಂಬಿಸಲು ಆರ್‌ಪಿ ಆಗಿ, ಇಲ್ಲವೇ ಮೇಲೆ ಬರೆದಿರುವ ಘಟನೆಯಾಗಿ. ಒಂದು ಸಲಕ್ಕೆ ಒಂದೇ. ನಕ್ಷತ್ರ ಚಿಹ್ನೆ ಇರುವ ಘಟನೆಯನ್ನು ಆಡಿದರೆ ಕಾರ್ಡ್ ಆಟದಿಂದಲೇ ಹೊರಗೆ. ಆಪ್ಸ್ ಲೆಕ್ಕದಲ್ಲಿ ಹೊಸಬರು ಎಡವುವ ಜಾಗವೊಂದಿದೆ: ಒಂದು ಊರಿನಲ್ಲಿ ಜರ್ಮನ್, ಆಸ್ಟ್ರಿಯನ್ ಎರಡೂ ಸೈನ್ಯ ನಿಂತಿದ್ದರೆ ಆ ಊರನ್ನು ಎಬ್ಬಿಸಲು 2 ಆಪ್ಸ್ ಬೇಕು, 1 ಅಲ್ಲ. ರಾಷ್ಟ್ರಕ್ಕೊಂದರಂತೆ ಲೆಕ್ಕ. ಹಾಗೆಯೇ ಎಸ್‌ಆರ್ ಆಗಲಿ ಆರ್‌ಪಿ ಆಗಲಿ ಬೆನ್ನುಬೆನ್ನಿಗೆ ಎರಡು ಸುತ್ತು ಆಡುವಂತಿಲ್ಲ. ಇದನ್ನು ಮರೆತೇ ಎಷ್ಟೋ ಆಟ ಅರ್ಧದಲ್ಲಿ ಜಗಳವಾಗಿ ನಿಲ್ಲುತ್ತದೆ.

ಈಗ ಝಾರ್. ಮಿತ್ರಬಣ ಅಂದರೆ ಬ್ರಿಟನ್, ಫ್ರಾನ್ಸ್, ರಷ್ಯಾ. ‘ಝಾರ್ ನೇತೃತ್ವ ವಹಿಸುತ್ತಾನೆ’ ಎಂಬ ಕಾರ್ಡ್ ಸಹಜವಾಗಿ ರಷ್ಯಾದ ಕೈಯಲ್ಲಿರಬೇಕು ಅನ್ನಿಸುತ್ತದೆ. ಇಲ್ಲ. ಅದಿರುವುದು ಜರ್ಮನಿಯ ಕಟ್ಟಿನಲ್ಲಿ! ರಷ್ಯಾದ ರಾಜ ತನ್ನ ಸೈನ್ಯದ ಮುಂದೆ ಬಂದು ನಿಲ್ಲುವುದು ಶತ್ರು ಆಡುವ ನಡೆ. ನಕ್ಷೆಯ ಮೇಲೆ ಇದಕ್ಕೊಂದು ಪಟ್ಟಿಯೇ ಉಂಟು, ಅದರ ಮುಖ್ಯ ಹಂತಗಳು: ದೇವರು ಝಾರ್‌ನನ್ನು ಕಾಪಾಡಲಿ, ಝಾರ್ ನೇತೃತ್ವ ವಹಿಸುತ್ತಾನೆ, ಝಾರ್ ಪತನ, ಬೊಲ್ಶೆವಿಕ್ ಕ್ರಾಂತಿ, ಕೊನೆಗೆ ರಷ್ಯಾವನ್ನು ಯುದ್ಧದಿಂದ ಹೊರಗಿಟ್ಟ ಬ್ರೆಸ್ಟ್-ಲಿಟೋವ್‌ಸ್ಕ್ ಒಪ್ಪಂದ. ಮೊದಲನೆಯದು ಆರಂಭದ ಸ್ಥಿತಿ. ಉಳಿದ ನಾಲ್ಕಕ್ಕೆ ನಾಲ್ಕು ಕಾರ್ಡ್, ಒಂದನ್ನು ಆಡದೆ ಮುಂದಿನದು ಇಲ್ಲ. ಝಾರ್ ಕಾರ್ಡ್ ಆಡಿದ ಕ್ಷಣಕ್ಕೆ ರಂಗದ ಮೇಲೆ ಒಂದು ಬಿಲ್ಲೆಯೂ ಅಲುಗುವುದಿಲ್ಲ. ಮುಂದಿನ ಕಾರ್ಡಿಗೆ ಬಾಗಿಲು ತೆರೆಯುತ್ತದೆ, ಅಷ್ಟೆ.

"ಇಷ್ಟಕ್ಕೊಂದು ಕಾರ್ಡಾ?" ಎಂದು ಮೂಗು ಮುರಿಯುವವರಿದ್ದಾರೆ. 1915ರ ಚರಿತ್ರೆ ಇಟ್ಟು ನೋಡಿದರೆ ರೇಸರ್ ಮಾಡಿದ್ದು ಸರಿಯೇ.

ಆ ವರ್ಷ ಮೇ 2ರಂದು ಗೊರ್ಲಿಟ್ಸೆ-ಟಾರ್ನೋವ್‌ನಲ್ಲಿ ಜರ್ಮನ್ ಸೇನಾಪತಿ ಮ್ಯಾಕೆನ್ಸನ್‌ನ 11ನೇ ಆರ್ಮಿ ರಷ್ಯಾದ ಸಾಲನ್ನು ಸೀಳಿತು. ರಷ್ಯನ್ನರಲ್ಲಿ ಫಿರಂಗಿಗೆ ಸಾಕಷ್ಟು ಶೆಲ್ ಇರಲಿಲ್ಲ, ಬಂದೂಕಿಗೂ ಬರ. ಜೂನ್‌ನಲ್ಲಿ ಪ್ರೆಝೆಮಿಶ್ಲ್, ಲೆಂಬರ್ಗ್ ಹೋದವು. ಆಗಸ್ಟ್ 5ಕ್ಕೆ ವಾರ್ಸಾ, 18ಕ್ಕೆ ಕೋವ್ನೊ, 20ಕ್ಕೆ ನೋವೊಗ್ಯೋರ್ಗಿಯೆವ್‌ಸ್ಕ್ ಕೋಟೆ, 26ಕ್ಕೆ ಬ್ರೆಸ್ಟ್. ಆ ಹೊತ್ತಿಗೆ ಮಹಾದಂಡನಾಯಕನಾಗಿದ್ದವನು ಝಾರ್‌ನ ಬಂಧು ಗ್ರ್ಯಾಂಡ್ ಡ್ಯೂಕ್ ನಿಕೊಲಾಯ್ ನಿಕೊಲಾಯೆವಿಚ್. (ಅದೇ ಹೆಸರಿನ ಅವನ ಅಪ್ಪ 1877ರ ತುರ್ಕಿ ಯುದ್ಧದಲ್ಲಿ ಡ್ಯಾನ್ಯೂಬ್ ರಂಗದ ದಂಡನಾಯಕ. ಆಗ ಎರಡನೇ ಅಲೆಕ್ಸಾಂಡರ್ ರಂಗದ ಹತ್ತಿರವೇ ಇದ್ದ, ಆದರೆ ನೇತೃತ್ವ ತಮ್ಮನಿಗೇ ಬಿಟ್ಟಿದ್ದ. 1812ರಲ್ಲಂತೂ ಒಂದನೇ ಅಲೆಕ್ಸಾಂಡರ್‌ನನ್ನು ಅವನ ಆಪ್ತರೇ ಒತ್ತಾಯಿಸಿ ಸೈನ್ಯದಿಂದ ಹೊರಗೆ ಕಳಿಸಿದ್ದರು. 1805ರಲ್ಲಿ ಅವನು ಸೈನ್ಯದ ಜೊತೆಗಿದ್ದಾಗಲೇ ನೆಪೋಲಿಯನ್‌ಗೆ ಸೋತ ಆಸ್ಟರ್ಲಿಟ್ಸ್‌ನ ಪಾಠ ಮರೆತಿರಲಿಲ್ಲ.)

ಗ್ರ್ಯಾಂಡ್ ಡ್ಯೂಕ್‌ನನ್ನು ತೆಗೆದು ತಾನೇ ಆ ಸ್ಥಾನಕ್ಕೆ ಬರುತ್ತೇನೆಂದು ನಿಕೋಲಸ್ ಹೇಳಿದಾಗ ಮಂತ್ರಿಮಂಡಲವೇ ಬೆಚ್ಚಿತು. ವಿದೇಶಾಂಗ ಮಂತ್ರಿ ಸಝೊನೊವ್, ಕೃಷಿ ಮಂತ್ರಿ ಕ್ರಿವೊಶೆಯ್ನ್ ಸೇರಿ ಎಂಟು ಮಂತ್ರಿಗಳು ಬೇಡವೆಂದು ಪತ್ರ ಬರೆದು ಸಹಿ ಹಾಕಿದರು. ಯುದ್ಧ ಮಂತ್ರಿ, ನೌಕಾ ಮಂತ್ರಿ ಇಬ್ಬರಿಗೂ ಅದೇ ಅಭಿಪ್ರಾಯ. ಸಮವಸ್ತ್ರದಲ್ಲಿದ್ದವರಾದ್ದರಿಂದ ಸಹಿ ಹಾಕಲಿಲ್ಲ. ವಾದ ಸರಳವಿತ್ತು: ಇಲ್ಲಿಯವರೆಗೆ ಸೋಲಾದರೆ ದಂಡನಾಯಕನ ತಲೆಗೆ, ಇನ್ನು ಮುಂದೆ ಸಿಂಹಾಸನದ ತಲೆಗೆ. ಝಾರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಪ್ಟೆಂಬರ್ 5ರಂದು, ಅವರ ಹಳೆಯ ಪಂಚಾಂಗದಲ್ಲಿ ಆಗಸ್ಟ್ 23, ಅಧಿಕಾರ ವಹಿಸಿಕೊಂಡ. ಸ್ತಾವ್ಕ ಎಂಬ ಪ್ರಧಾನ ಕಚೇರಿ ಆಗಷ್ಟೇ ಬರನೊವಿಚಿಯಿಂದ ಹಿಂದಕ್ಕೆ ಮೊಗಿಲ್ಯೋವ್‌ಗೆ ಬಂದಿತ್ತು. ಅಲ್ಲಿಯ ಗವರ್ನರ್ ಮನೆಯಲ್ಲಿ ಝಾರ್‌ನ ಬಿಡಾರ. ಲಕ್ಷಾಂತರ ಸೈನಿಕರ ಮಹಾದಂಡನಾಯಕನ ರಷ್ಯನ್ ದರ್ಜೆ ಮಾತ್ರ ಕರ್ನಲ್. ಅಪ್ಪ ಅದಕ್ಕಿಂತ ಮೇಲೆ ಬಡ್ತಿ ಕೊಡದೆ ತೀರಿಕೊಂಡಿದ್ದ, ಮಗ ತನಗೆ ತಾನೇ ಕೊಟ್ಟುಕೊಳ್ಳಲಿಲ್ಲ.

ರಂಗದಲ್ಲಿ ಏನಾಯಿತು? ಅನಾಹುತ ಆಗಲಿಲ್ಲ. ನಿಜವಾದ ಕೆಲಸವೆಲ್ಲ ಹೊಸ ಮುಖ್ಯ ಸೇನಾಧಿಕಾರಿ ಅಲೆಕ್ಸೆಯೆವ್‌ನದ್ದು. ಝಾರ್ ದಿನಾ ಬೆಳಿಗ್ಗೆ ವರದಿ ಕೇಳುತ್ತಿದ್ದ, ಒಪ್ಪುತ್ತಿದ್ದ. ವಿಲ್ನಾ ಸೆಪ್ಟೆಂಬರ್‌ನಲ್ಲಿ ಹೋಯಿತು ನಿಜ. ಸ್ವೆಂಟ್ಸ್ಯಾನಿಯ ಹತ್ತಿರ ಜರ್ಮನ್ ಕುದುರೆ ದಳ ನುಗ್ಗಿದ ತೂತನ್ನು ಮಾತ್ರ ಮುಚ್ಚಿದರು, ಚಳಿಗಾಲದ ಹೊತ್ತಿಗೆ ರೀಗಾ ಕೊಲ್ಲಿಯಿಂದ ಕೆಳಗಿನವರೆಗೆ ಸಾಲು ಗಟ್ಟಿಯಾಯಿತು. 1916ರ ಜೂನ್ 4ರಂದು ರಷ್ಯನ್ ಸೇನಾಪತಿ ಬ್ರುಸಿಲೊವ್ ನಾಲ್ಕು ಆರ್ಮಿಗಳಿಂದ ಆಸ್ಟ್ರಿಯನ್ನರನ್ನು ಒಡೆದದ್ದೂ ನಿಕೋಲಸ್ ಮಹಾದಂಡನಾಯಕನಾಗಿದ್ದಾಗಲೇ. ಬ್ರುಸಿಲೊವ್ ಕಾರ್ಡ್ ಮಿತ್ರಬಣದ ಕಟ್ಟಿನಲ್ಲಿದೆ. ಝಾರ್ ಕಾರ್ಡ್ ಬಿದ್ದಮೇಲೂ ಅದನ್ನು ಆಡಬಹುದು.

ಪೆಟ್ಟು ಬಿದ್ದದ್ದು ಬೆನ್ನ ಹಿಂದೆ. ರಾಜ ಮೊಗಿಲ್ಯೋವ್‌ನಲ್ಲಿ, ರಾಜಧಾನಿ ಪೆತ್ರೊಗ್ರಾದ್‌ನಲ್ಲಿ ರಾಣಿ ಅಲೆಕ್ಸಾಂಡ್ರಾ ಮತ್ತು ಅವಳ ಕಿವಿಯಲ್ಲಿ ಅವಳು ನಂಬಿದ್ದ ಸಾಧು ರಾಸ್ಪುಟಿನ್. ಪತ್ರಕ್ಕೆ ಸಹಿ ಹಾಕಿದ ಮಂತ್ರಿಗಳಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಹೋದರು. 1916ರ ಆರಂಭದಿಂದ 1917ರ ಕ್ರಾಂತಿಯೊಳಗೆ ಪ್ರಧಾನಿ ಕುರ್ಚಿಯಲ್ಲಿ ಗೊರೆಮಿಕಿನ್, ಶ್ಟ್ಯೂರ್ಮರ್, ತ್ರೆಪೊವ್, ಗೊಲಿಟ್ಸಿನ್ ಕೂತು ಎದ್ದರು. ಮಾರ್ಚ್‌ನಲ್ಲಿ ರಾಜಧಾನಿ ದಂಗೆ ಎದ್ದಾಗ ಝಾರ್ ಮತ್ತೆ ಮೊಗಿಲ್ಯೋವ್‌ಗೆ ಬಂದಿದ್ದ. ವಾಪಸ್ ಹೊರಟ ರೈಲು ಮಲಾಯ ವಿಶೇರದಲ್ಲಿ ನಿಂತು, ತಿರುಗಿ, ಪ್ಸ್ಕೊವ್‌ಗೆ ಹೋಯಿತು. ಅಲ್ಲಿ ಮಾರ್ಚ್ 15ರಂದು ಪದತ್ಯಾಗ. ಅದಕ್ಕೆ ಮೊದಲು ರಂಗದ ದಂಡನಾಯಕರ ಅಭಿಪ್ರಾಯವನ್ನು ತಂತಿಯಲ್ಲಿ ಕೇಳಿದವನು ಅದೇ ಅಲೆಕ್ಸೆಯೆವ್. "ಬಿಟ್ಟುಬಿಡಿ" ಎಂಬ ಅರ್ಥದಲ್ಲಿ ತಂತಿ ಕಳಿಸಿದವರಲ್ಲಿ ಕಾಕಸಸ್‌ಗೆ ಅಟ್ಟಿಸಿಕೊಂಡಿದ್ದ ಗ್ರ್ಯಾಂಡ್ ಡ್ಯೂಕ್ ಕೂಡ ಒಬ್ಬ. ಅಂದರೆ 1915ರ ನಿರ್ಧಾರದ ಬಿಲ್ ಬಂದದ್ದು ಒಂದೂವರೆ ವರ್ಷ ಕಳೆದ ಮೇಲೆ. ಆಗ ಏನೂ ಆಗದೆ, ಮುಂದೆ ಎಲ್ಲವನ್ನೂ ಸಾಧ್ಯ ಮಾಡುವ ಕಾರ್ಡ್ ಇದನ್ನು ಎಷ್ಟು ಚೆನ್ನಾಗಿ ಹಿಡಿದಿದೆ ನೋಡಿ. ಜರ್ಮನಿಯ ಕಟ್ಟಿನಲ್ಲೇ ಜರ್ಮನ್ ಸೇನಾಪತಿಗಳಾದ ಹಿಂಡೆನ್‌ಬರ್ಗ್-ಲುಡೆನ್‌ಡಾರ್ಫ್ ನೇತೃತ್ವ ವಹಿಸುವ ಕಾರ್ಡೂ ಇದೆ. ಅದು ಜರ್ಮನಿಗೆ ಲಾಭ, ಇದು ರಷ್ಯಾಕ್ಕೆ ನಷ್ಟ. ಎರಡನ್ನೂ ಆಡುವವನು ಒಬ್ಬನೇ.

ಆಡುವಾಗ ಇದರಿಂದ ಬರುವ ಲೆಕ್ಕ ಇಷ್ಟು. ಝಾರ್ ಕಾರ್ಡ್ ಮೊದಲ ಟರ್ನ್‌ಗಳಲ್ಲಿ ಕಟ್ಟಿನಲ್ಲಿ ಇರುವುದಿಲ್ಲ. ಯುದ್ಧ ಬಲಿತ ಮೇಲೆ ಸೇರುವ ಕಾರ್ಡುಗಳಲ್ಲಿ ಬರುತ್ತದೆ. ಯುದ್ಧ ಸ್ಥಿತಿಯ ಅಂಕ 4 ಮುಟ್ಟಿದರೆ ಸೀಮಿತ ಯುದ್ಧದ ಕಾರ್ಡುಗಳು, 11ಕ್ಕೆ ಸರ್ವಯುದ್ಧದವು. ಈ ಅಂಕ ಏರುವುದು ನಿರ್ದಿಷ್ಟ ಕಾರ್ಡುಗಳನ್ನು ಘಟನೆಯಾಗಿ ಆಡಿದಾಗ ಮಾತ್ರ. ಎಲ್ಲವನ್ನೂ ಆಪ್ಸ್‌ಗೆ ಸುರಿದು ದಾಳಿ ಮಾಡುತ್ತ ಹೋದರೆ ನಕ್ಷೆಯ ಮೇಲೆ ಗೆದ್ದಂತೆ ಕಾಣುತ್ತದೆ, ಕಟ್ಟು ಮಾತ್ರ ಬಲಿಯುವುದೇ ಇಲ್ಲ. ರಷ್ಯಾದ ಹಂತಗಳು ನಿಂತಿರುವುದು ಎರಡು ವಿಷಯದ ಮೇಲೆ: ರಷ್ಯಾ ಕಳೆದುಕೊಂಡ ವಿಪಿ ಊರುಗಳು ಮತ್ತು ಎರಡೂ ಬಣದ ಯುದ್ಧ ಸ್ಥಿತಿ. ಎರಡೂ ಒಟ್ಟಿಗೆ ಏರಬೇಕು.

ಜರ್ಮನ್ ಆಟಗಾರರು ಮಾಡುವ ದೊಡ್ಡ ತಪ್ಪು ತಡ. ಝಾರ್ ಕಾರ್ಡ್ ಕೈಗೆ ಬಂದಾಗ "ಇದರಿಂದ ಈಗ ಏನೂ ಸಿಗುವುದಿಲ್ಲ, ಆಪ್ಸ್‌ಗೆ ಹಾಕೋಣ" ಎಂದು ಬಳಸಿಬಿಡುತ್ತಾರೆ. ಅದು ಎಸೆದ ಕಾರ್ಡುಗಳ ರಾಶಿಗೆ ಹೋಗುತ್ತದೆ. ಕಟ್ಟು ಖಾಲಿಯಾಗಿ ಮತ್ತೆ ಕಲಸುವವರೆಗೆ ಕೈಗೆ ಬರುವುದಿಲ್ಲ. ಆಮೇಲೆ ಪತನದ ಕಾರ್ಡ್ ಬಂದರೂ ಹಿಂದಿನದು ಇಲ್ಲದೆ ನಿಷ್ಪ್ರಯೋಜಕ. ಸರಪಳಿಯ ನಾಲ್ಕು ಕಾರ್ಡಿಗೆ ನಾಲ್ಕು ಸುತ್ತು ಬೇಕು, ಒಂದೊಂದೂ ಸರಿಯಾದ ಹೊತ್ತಿಗೆ ಕೈಯಲ್ಲಿರಬೇಕು. ಷರತ್ತು ಕೂಡಿಬಂದ ಸುತ್ತಿನಲ್ಲೇ ಝಾರ್ ಕಾರ್ಡ್ ಆಡಿ ಮುಗಿಸಿ. ಇನ್ನೊಂದು ಎಚ್ಚರ: ಪೂರ್ವ ರಂಗದ ಆಸೆಗೆ ಜರ್ಮನ್ ಆರ್ಮಿಗಳನ್ನೆಲ್ಲ ಅಲ್ಲಿಗೆ ಕಳಿಸಿದರೆ ವಾಪಸ್ ತರುವುದು ದುಬಾರಿ. ಒಂದು ಕೋರ್‌ಗೆ 1 ಎಸ್‌ಆರ್ ಸಾಕು, ಒಂದು ಆರ್ಮಿಗೆ 4. ದೊಡ್ಡ ಕಾರ್ಡೊಂದನ್ನು ಸುಟ್ಟರೆ ಬರುವುದು ಒಂದೇ ಆರ್ಮಿ.

ಮಿತ್ರಬಣದವರ ತಪ್ಪು ವಾರ್ಸಾದ ಮೇಲಿನ ಮೋಹ. ರಷ್ಯಾದ ಕೈಯಲ್ಲಿರುವ ಪೋಲೆಂಡ್ ಭಾಗ ಜರ್ಮನ್, ಆಸ್ಟ್ರಿಯನ್ ನೆಲದ ನಡುವೆ ಹೊಟ್ಟೆಯಂತೆ ಮುಂದೆ ಬಂದಿದೆ. ಎರಡು ಬದಿಯಿಂದ ಒತ್ತಿದರೆ ಒಳಗಿನವರ ಸರಬರಾಜು ಕಡಿದುಹೋಗುತ್ತದೆ. ಟರ್ನ್ ಕೊನೆಯ ಅಟ್ರಿಷನ್ (ಸವೆತ) ಹಂತದಲ್ಲಿ ಸರಬರಾಜು ಇಲ್ಲದ ಆರ್ಮಿ ಶಾಶ್ವತವಾಗಿ ಹೊರಗೆ, ಎಷ್ಟು ಆರ್‌ಪಿ ಹಾಕಿದರೂ ವಾಪಸ್ ಬರುವುದಿಲ್ಲ. ನೋವೊಗ್ಯೋರ್ಗಿಯೆವ್‌ಸ್ಕ್ ಬಿಟ್ಟುಕೊಡಲಾರೆವೆಂದು ಕೂತು 80,000ಕ್ಕೂ ಹೆಚ್ಚು ಜನ ಸೆರೆಯಾದದ್ದು ಇದೇ ತಪ್ಪಿನಿಂದ. ಊರು ಬಿಡಿ, ಆರ್ಮಿ ಉಳಿಸಿ. ಇನ್ನೊಂದು: ಆರ್ಮಿ ಯುದ್ಧದಲ್ಲಿ ಸತ್ತಾಗ ಅದರ ಜಾಗಕ್ಕೆ ಮೀಸಲು ಪೆಟ್ಟಿಗೆಯಿಂದ ಒಂದು ಕೋರ್ ಬರಬೇಕು. ಪೆಟ್ಟಿಗೆ ಖಾಲಿಯಿದ್ದರೆ ಆ ಆರ್ಮಿಯೂ ಶಾಶ್ವತವಾಗಿ ಹೋದಂತೆ. ರಷ್ಯಾದ ಮೀಸಲಿನಲ್ಲಿ ಯಾವಾಗಲೂ ಕೋರ್ ಇಟ್ಟುಕೊಂಡಿರಿ. ಆ ಟರ್ನಿನಲ್ಲಿ ಯಾವ ರಾಷ್ಟ್ರ ದಾಳಿ ಮಾಡಲೇಬೇಕೆಂದು ಹೇಳುವ ಕಡ್ಡಾಯ ದಾಳಿಯ ದಾಳ ರಷ್ಯಾದ ಮೇಲೆ ಬಿದ್ದರೆ, ಗೆಲ್ಲದ ದಾಳಿಗೆ ದಳ ಸುಡುವುದೋ 1 ವಿಪಿ ಬಿಟ್ಟುಕೊಡುವುದೋ ಎಂದು ಯೋಚಿಸಿ. 1916ರ ಮಾರ್ಚ್‌ನಲ್ಲಿ ಫ್ರಾನ್ಸಿನ ವೆರ್ಡನ್ ಕದನದ ಭಾರ ಇಳಿಸಲೆಂದು ನರೋಚ್ ಸರೋವರದ ಹತ್ತಿರ ರಷ್ಯನ್ನರು ಮಾಡಿದ ದಾಳಿಯಿಂದ ಬಂದದ್ದು ಹೆಣಗಳ ರಾಶಿ ಮಾತ್ರ. 1 ವಿಪಿ ಕೊಡುವುದು ಎಷ್ಟೋ ಸಲ ಅಗ್ಗ.

ಒಂದು ಕೊರತೆ ಹೇಳಲೇಬೇಕು. ಎಂಟು ಮಂತ್ರಿಗಳ ಪತ್ರಕ್ಕೆ ಆಟದಲ್ಲಿ ಜಾಗವಿಲ್ಲ. ರಷ್ಯಾ ಆಡುವವನಿಗೆ ಬೇಡ ಎನ್ನುವ ಅವಕಾಶವೇ ಇಲ್ಲ. ಅಲೆಕ್ಸೆಯೆವ್ ಬಂದಮೇಲೆ ಸ್ತಾವ್ಕದ ಕೆಲಸ ಸುಧಾರಿಸಿದ್ದೂ ಲೆಕ್ಕಕ್ಕಿಲ್ಲ. ಅದಕ್ಕೆ ಮನೆನಿಯಮವೊಂದನ್ನು ಸೂಚಿಸಬಹುದು: ಝಾರ್ ಕಾರ್ಡ್ ಬಿದ್ದ ಟರ್ನಿನಲ್ಲಿ ರಷ್ಯಾಕ್ಕೆ 1 ಆರ್‌ಪಿ ಪುಕ್ಕಟೆ. ಚಿಕ್ಕದೇ, ಆದರೆ ಜರ್ಮನ್ ಆಟಗಾರ ಒಂದು ಕ್ಷಣ ತಡೆದು ಯೋಚಿಸುತ್ತಾನೆ. ಇದು ಅಧಿಕೃತ ನಿಯಮವಲ್ಲ, ಆಟ ಶುರುವಾಗುವ ಮೊದಲೇ ಇಬ್ಬರೂ ಒಪ್ಪಿಕೊಂಡಿರಬೇಕು.

ಇನ್ನು ನಮ್ಮ ಊರಿನ ಕಥೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತೇವಕ್ಕೆ ಕಾರ್ಡ್ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ ಕಾರ್ಡ್ ಕಟ್ಟಿನಲ್ಲಿ ಬೇರೆಯಾಗಿ ಕಾಣುತ್ತದೆ, ಎದುರಿನವನಿಗೆ ಝಾರ್ ಎಲ್ಲಿದ್ದಾನೆಂದು ಗೊತ್ತಾಗಿಬಿಡುತ್ತದೆ. 63.5×88 ಮಿ.ಮೀ. ಅಳತೆಯ ಪ್ಲಾಸ್ಟಿಕ್ ತೋಳು (ಸ್ಲೀವ್) ಹಾಕಿ. 110 ಕಾರ್ಡಿಗೆ 50ರ ಮೂರು ಪ್ಯಾಕ್ ಬೇಕು, ಹೊಸ ಮುದ್ರಣದಲ್ಲಿ ಹೆಚ್ಚುವರಿ ಕಾರ್ಡ್ ಇದ್ದರೆ ಮೊದಲು ಎಣಿಸಿ. ಬಿಲ್ಲೆಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ರಾಷ್ಟ್ರವಾರು ಇಟ್ಟು, ಡಬ್ಬಿಗೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಾಗುವ ಜಾತಿಯದ್ದಾದರೆ ಬದಲಿಸುವ ಹೊತ್ತು ಕಣ್ಣಿಗೇ ಗೊತ್ತಾಗುತ್ತದೆ. ಹಾಳೆಯ ನಕ್ಷೆಗೆ ಲ್ಯಾಮಿನೇಷನ್ ಮಾಡಿಸಬೇಡಿ. ಅಂಚಿನಿಂದ ತೇವ ನುಗ್ಗಿದರೆ ಒಳಗೇ ಬೂಸ್ಟು ಹಿಡಿಯುತ್ತದೆ, ಮಡಿಕೆಯ ಗೆರೆಯಲ್ಲಿ ಬಿರುಕೂ ಬಿಡುತ್ತದೆ. ಅದರ ಬದಲು 2 ಮಿ.ಮೀ. ಅಕ್ರಿಲಿಕ್ ಶೀಟ್ 2×3 ಅಡಿಗೆ ಕತ್ತರಿಸಿ ತನ್ನಿ. ಬೋರ್ಡ್ ಬರೆಯುವ, ಅಕ್ರಿಲಿಕ್ ಅಕ್ಷರ ಕತ್ತರಿಸುವ ಅಂಗಡಿಗಳಲ್ಲಿ ತುಂಡು ಸಿಗುತ್ತದೆ. ತೂಕ ಒಂದೂಕಾಲು ಕೆ.ಜಿ. ಮೇಲೆ, ನಕ್ಷೆ ಅಲುಗುವುದಿಲ್ಲ. ಗೋಡೆಗೆ ಒರಗಿಸಿಟ್ಟರೆ ಸೆಕೆಗೆ ಬಳುಕುತ್ತದೆ, ಮಲಗಿಸಿಯೇ ಇಡಿ.

ಫ್ಯಾನ್ ಇನ್ನೊಂದು ಶತ್ರು. ನೇರ ಕೆಳಗೆ ಮೇಜು ಹಾಕಿದರೆ ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳು ಗಲೀಶಿಯಾದಿಂದ ಸೆರ್ಬಿಯಾಕ್ಕೆ ಹಾರುತ್ತವೆ. ಮೇಜನ್ನು ಬದಿಗೆ ಎಳೆಯಿರಿ. ಗೋಳಿಬಜೆ ಬೇರೆ ಮೇಜಿನಲ್ಲಿ, ತಿಂದಮೇಲೆ ಕೈ ತೊಳೆದೇ ಕಾರ್ಡ್ ಮುಟ್ಟುವುದು. ಎಣ್ಣೆ ಒಮ್ಮೆ ಹತ್ತಿದರೆ ತೋಳು ಬದಲಿಸುವುದೊಂದೇ ದಾರಿ. ಮಳೆಗಾಲದ ಕರೆಂಟ್ ನಂಬಿ ರಾತ್ರಿ ಆಟ ಶುರು ಮಾಡಬೇಡಿ. ಟರ್ನ್ ಮುಗಿದ ಕೂಡಲೇ ಮೊಬೈಲಿನಲ್ಲಿ ನಕ್ಷೆಯ ಫೋಟೊ ತೆಗೆದಿಟ್ಟುಕೊಂಡರೆ ಎಲ್ಲಿಂದ ಬೇಕಾದರೂ ಮುಂದುವರಿಸಬಹುದು.

ಕಾರ್ಡ್, ನಿಯಮ ಎಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಹಿರಿಯರೊಂದಿಗೆ ಆಡುವವರು ರಷ್ಯಾದ ಪಟ್ಟಿ, ಟರ್ನಿನ ಹಂತಗಳು, ಎಸ್‌ಆರ್ ದರ ಇಷ್ಟನ್ನು ಕನ್ನಡದಲ್ಲಿ ಒಂದು ಎ4 ಹಾಳೆಗೆ ಬರೆದಿಟ್ಟರೆ ಸಾಕು; ಉಳಿದದ್ದು ಆಡುತ್ತ ಬರುತ್ತದೆ. ಹೊರದೇಶದಿಂದ ತರಿಸುವವರು ಪೆಟ್ಟಿಗೆಯ ಬೆಲೆಯೊಂದನ್ನೇ ನೋಡಬೇಡಿ, ಸಾಗಣೆ, ಕಸ್ಟಮ್ಸ್, ಜಿಎಸ್‌ಟಿ ಕೂಡಿಸಿ. ದಪ್ಪ ರಟ್ಟಿನ ನಕ್ಷೆ ಇರುವ ಡಿಲಕ್ಸ್ ಮುದ್ರಣ ಸಿಕ್ಕಿದರೆ ನಮ್ಮ ಹವೆಗೆ ಅದೇ ವಾಸಿ.

ದುಡ್ಡು ಹಾಕುವ ಮೊದಲು ರ‍್ಯಾಲಿ ದ ಟ್ರೂಪ್ಸ್ ತಾಣದಲ್ಲಿ ಪುಕ್ಕಟೆಯಾಗಿ ಆಡಿ ನೋಡಿ. ಬ್ರೌಸರ್ ಸಾಕು, ನಿಯಮವನ್ನು ತಾಣವೇ ಕಾಯುತ್ತದೆ, ತಪ್ಪು ನಡೆಗೆ ಬಿಡುವುದಿಲ್ಲ. ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ರಾತ್ರಿ ಒಂದೊಂದು ಸುತ್ತು ಆಡಿದರೂ ನಡೆಯುತ್ತದೆ. ವ್ಯಾಸಲ್ ಎಂಬ ತಂತ್ರಾಂಶದಲ್ಲೂ ಇದರ ಮಾಡ್ಯೂಲ್ ಉಂಟು, ಅಲ್ಲಿ ನಿಯಮ ನೀವೇ ನೋಡಿಕೊಳ್ಳಬೇಕು. ಮೊದಲ ಆಟದಲ್ಲಿ ಅನುಭವಸ್ಥರಿಗೆ ಜರ್ಮನಿ ಕೊಟ್ಟು ನೀವು ಮಿತ್ರಬಣ ತೆಗೆದುಕೊಳ್ಳಿ. ಮೊದಲ ಟರ್ನಿನಲ್ಲಿ ದಾಳಿಯ ಭಾರವೆಲ್ಲ ಜರ್ಮನಿಯ ಮೇಲಿರುತ್ತದೆ, ಅಲ್ಲಿ ತಪ್ಪಿದರೆ ತಿದ್ದಿಕೊಳ್ಳುವುದು ಕಷ್ಟ. ಎರಡನೇ ಆಟದಲ್ಲಿ ಬಣ ಬದಲಿಸಿ, ಝಾರ್ ಕಾರ್ಡ್ ಕೈಗೆ ಬಂದಾಗ ಅದನ್ನು ಆಪ್ಸ್‌ಗೆ ಹಾಕದೆ ಹಿಡಿದುಕೊಳ್ಳಲು ಆಗುತ್ತದೆಯೇ ನೋಡಿ.